ಪಹಾಲಾದಿಂದ ಹೊರಟ ಇಪ್ಪತ್ತು ಮಡಕೆ

ನನ್ನ ಗಂಡ ಬಾಂಛಾನಿಧಿಗೆ ಮೂಗಿನ ತುದಿಯಲ್ಲೇ ಕೋಪ. ಒಡಿಶಾದ ನಮ್ಮ ಪಹಾಲಾದಲ್ಲಿ ಹೆದ್ದಾರಿ ಬದಿಗೆ ಮೂವತ್ತೆಂಟು ವರ್ಷದಿಂದ ಸೌದೆ ಒಲೆಯ ಮುಂದೆ ಕೂತು ರಸಗೋಲಾ ಬೇಯಿಸಿದವರು. ಕೋಲ್ಕತ್ತದ ಕಡೆಯವರು ಯಾರಾದರೂ ಕಾರು ನಿಲ್ಲಿಸಿ "ಇದೇನು, ಸುಟ್ಟುಹೋಗಿದೆಯಾ?" ಅಂದರೆ ಮುಗಿಯಿತು.

"ಸುಟ್ಟಿಲ್ಲ ಬಾಬು, ಪಾಕದಲ್ಲಿ ಬೆಂದೂ ಬೆಂದೂ ಕಂದಾಗಿದೆ. ಜಗನ್ನಾಥಸ್ವಾಮಿ ಹೆಂಡ್ತಿ ಮುನಿಸು ಇಳಿಸಿದ್ದೇ ಇದರಿಂದ. ಆಗ ನಿಮ್ಮೂರು ಇನ್ನೂ ಹುಟ್ಟೇ ಇರ್ಲಿಲ್ಲ!"

"ಸುಮ್ನಿರ್ರೀ, ಗಿರಾಕಿ ಹೋದ," ಎಂದು ನಾನು ಎಷ್ಟು ಬಡಿದುಕೊಂಡರೂ ಗೋರ್ಕಲ್ಲ ಮೇಲೆ ಮಳೆಗರೆದಂತೆ. ಇಂಥವರ ಮಗಳು ಸುಲಗ್ನಾ ಕೋಲ್ಕತ್ತದ ಹುಡುಗನನ್ನೇ ಮೆಚ್ಚಿ ಮದುವೆಯಾದಳು. ಹಣೆಬರಹಕ್ಕೆ ಏನೆನ್ನಲಿ!

ಅವಳಿಗೆ ಏಳು ತಿಂಗಳು ತುಂಬಿದಾಗ ಬಸುರಿಯ ಅತ್ತೆಮನೆಗೆ ತವರಿನವರು ಒಯ್ಯುವ ಸಿಹಿಯ 'ಭಾರ' ಹೊತ್ತು ಕೋಲ್ಕತ್ತಕ್ಕೆ ಹೊರಟೆವು. ತವರಿನಿಂದ ಬಂದ ಸಿಹಿಯನ್ನು ಬೀಗರು ಕೇರಿಗೆಲ್ಲ ಹಂಚಬೇಕು. ಹಂಚಿದರೆ ಮರ್ಯಾದೆ, ಇಲ್ಲದಿದ್ದರೆ ಮುಖಕ್ಕೆ ಮಸಿ. ಬಾಯಿಗೆ ಎಲೆ ಕಟ್ಟಿದ ಇಪ್ಪತ್ತು ಪುಟ್ಟ ಮಡಕೆಗಳು, ಒಂದೊಂದರಲ್ಲಿ ಹತ್ತು ರಸಗೋಲಾ. ಒಂದು ಹನಿ ಪಾಕ ಚೆಲ್ಲದಂತೆ ರೈಲಿನಲ್ಲಿ ಇವರು ಬುಟ್ಟಿಯನ್ನು ಕಾಲ ನಡುವೆ ಅವುಚಿಕೊಂಡೇ ಕೂತಿದ್ದರು.

"ಹಂಚ್ತಾರೇನೇ?" ಬಾಲೇಶ್ವರ ದಾಟುವಷ್ಟರಲ್ಲಿ ಹತ್ತು ಸಲ ಕೇಳಿದರು.

ಮರುದಿನ ಬೆಳಿಗ್ಗೆ ಮಡಕೆಗಳು ಮನೆಮನೆಗೆ ಹೋದವು. ಇವರು ಕಿಟಕಿ ಬಿಟ್ಟು ಕದಲಲಿಲ್ಲ. ಬೀಗಿತ್ತಿ ಕೊಟ್ಟ ಚಹಾವನ್ನೂ ಹೊಗಳಿ ಕುಡಿದರು.

ಸಂಜೆ ಪಕ್ಕದ ಮನೆಯ ನಂದಿ ಬಾಬು ಬಾಯಿ ತುಂಬ ನಗುತ್ತ ಬಂದರು. "ಭಾರಿ ಚೆನ್ನಾಗಿತ್ತು ಕಣ್ರೀ! ಒಳ್ಳೇ ಹಾಲಿನಷ್ಟು ಬೆಳ್ಳಗೆ! ಒಡಿಶಾದವ್ರು ಕಂದು ಮಾಡ್ತಾರೆ ಅಂತಿದ್ರು. ಕೊನೆಗೂ ನಮ್ಮಿಂದ ಕಲಿತ್ರಲ್ಲ!"

ಇವರ ಮುಖ ಕೆಂಪಾಯಿತು. ಸರ್ರನೆ ಬೀಗಿತ್ತಿಯ ಕಡೆ ತಿರುಗಿದರು. ಇನ್ನೇನು ಬಾಯಿ ತೆರೆಯಬೇಕು, ಸುಲಗ್ನಾ ಕೈ ಹಿಡಿದುಕೊಂಡು ನಮ್ಮ ಒಡಿಯಾ ಮಾತಿನಲ್ಲಿ ಪಿಸುಗುಟ್ಟಿದಳು.

"ಬಾಪಾ, ಅತ್ತೆಗೆ ಏನೂ ಗೊತ್ತಿಲ್ಲ. ನಾನೇ ರಾತ್ರಿ ಬೀದಿ ಕೊನೆ ಅಂಗಡಿಯಿಂದ ಬಿಳೀದು ತರಿಸಿ ಮಡಕೆಗೆ ತುಂಬಿಸಿದೆ. ಕೇರಿಯವ್ರು ನಗ್ತಾರೆ ಅಂತ..."

"ನಮ್ದು ಎಲ್ಲಿ ಹೋಯ್ತು?"

"ಕೆಲಸದವಳಿಗೆ ಕೊಟ್ಟೆ."

ಬಸುರಿ ಅಲ್ಲದಿದ್ದರೆ ಕೆನ್ನೆಗೆ ಬಾರಿಸಿಬಿಡುತ್ತಿದ್ದೆ. ಆ ನಂದಿ ಬಾಬು ಇನ್ನೂ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ಇವರು ಮಗಳ ಹೊಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ನಂದಿ ಬಾಬುಗೆ ಕೈ ಮುಗಿದರು.

"ಹೌದು ಬಾಬು, ನಿಮ್ಮಿಂದಲೇ ಕಲಿತೆ."