ಚೂರ್ಣ ತಿಂದು ಬಿದ್ದ ಶೇಡಬಾಳದ ಪದ್ಮಾವತಿ

ಕೊರೊನಾ ಅಬ್ಬರ ಇಳಿದ ಮರುವರ್ಷ ನಾನು ಕಾಗವಾಡ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್ ಆಗಿದ್ದೆ. ಆಗ ಸುತ್ತಲಿನ ಊರುಗಳಲ್ಲೆಲ್ಲ ಒಂದು ಚೂರ್ಣದ್ದೇ ಮಾತು. ಮಧುನಾಶಿನಿ, ನೇರಳೆ ಬೀಜ, ಅಮೃತಬಳ್ಳಿ, ಅರಿಶಿನ ಹಾಕಿದ್ದಂತೆ. ಶುಗರ್, ಬೊಜ್ಜು, ಬೊಜ್ಜಿನಿಂದ ಬರುವ ಕೀಲುಬಾವು, ಮೂರಕ್ಕೂ ಒಂದೇ ಡಬ್ಬಿ. ಮಾರುವವನು ಸದಾಶಿವ ಎಂಬ ಬೆಣ್ಣೆ ಮಾತಿನ ಮನುಷ್ಯ. ನನ್ನ ರೋಗಿಗಳು ಒಬ್ಬೊಬ್ಬರಾಗಿ ಗುಳಿಗೆ ಬಿಟ್ಟು ಅವನ ಕಡೆ ನಡೆದರು.

ನಾನು ಗಿಡಮೂಲಿಕೆಯ ವೈರಿಯಲ್ಲ. ಶುಗರಿಗೆ ನಾವು ದಿನಾ ಬರೆಯುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೂ ಒಂದು ಗಿಡವೇ. ಮಧುನಾಶಿನಿ, ಮೆಂತ್ಯಗಳ ಬಗ್ಗೆ ಸಂಶೋಧನೆ ನಡೆದಿದೆ, ಭರವಸೆಯೂ ಇದೆ. ಆದರೆ ಎಲೆ, ಬೇರುಗಳ ಕೆಲಸ ನಿಧಾನ. ಈ ಚೂರ್ಣವಾದರೋ ಮುನ್ನೂರರ ಶುಗರನ್ನು ವಾರದೊಳಗೆ ನೂರಕ್ಕೆ ಇಳಿಸುತ್ತದೆಂದು ಜನ ಕುಣಿಯುತ್ತಿದ್ದರು. ಅದನ್ನು ಕೇಳಿದಾಗಲೇ ನನ್ನ ಮೈ ಉರಿದಿತ್ತು.

ಒಂದು ಬೆಳಿಗ್ಗೆ ಶೇಡಬಾಳದ ಪದ್ಮಾವತಿ ಎಂಬ ಅರವತ್ತು ದಾಟಿದ ಜೈನ ಹೆಣ್ಣುಮಗಳನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಹೊತ್ತು ತಂದರು. ಮೈಯೆಲ್ಲ ತಣ್ಣನೆಯ ಬೆವರು. ಶುಗರ್ ಮೂವತ್ತೆರಡು, ಎಪ್ಪತ್ತಕ್ಕಿಂತ ಇಳಿದರೇ ಅಪಾಯ. ಕೂಡಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ತೆರೆದು ಮಗನನ್ನು ಕರೆದರು.

ಮಗ ಭೂಪಾಲ ದ್ರಾಕ್ಷಿ ಬೆಳೆಗಾರ. ಚೂರ್ಣದ ಡಬ್ಬಿಯನ್ನು ಜೊತೆಗೇ ತಂದಿದ್ದ. ತಾಯಿ ಗುಳಿಗೆ ಬಿಟ್ಟು ಅದನ್ನಷ್ಟೇ ತಿನ್ನುತ್ತಿದ್ದರಂತೆ. ಗುಳಿಗೆಯನ್ನೇ ತಿನ್ನದವರ ಶುಗರ್ ಇಷ್ಟು ಇಳಿದದ್ದು ಹೇಗೆ? ಸಲ್ಫೊನೈಲ್‌ಯೂರಿಯಾ ಎಂಬ ಗುಂಪಿನ ಅಗ್ಗದ ಶುಗರ್ ಗುಳಿಗೆಗಳಿವೆ. ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಅವು ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಅವನ್ನೇ ಸದಾಶಿವ ಅರೆದು ಬೆರೆಸಿದ್ದಾನೆಂದು ನನಗೆ ಅನುಮಾನ ಬಂತು. ಹಾಗಿದ್ದರೆ ಎಚ್ಚರವಾದ ರೋಗಿ ಕೆಲವೇ ತಾಸಿನಲ್ಲಿ ಮತ್ತೆ ಬೀಳುತ್ತಾರೆ. ನಾಳೆಯವರೆಗೂ ಗ್ಲೂಕೋಸ್ ಸಲಾಯಿನ್ ಮೇಲಿರಬೇಕು ಎಂದೆ.

“ಅವ್ವಗ ಎಚ್ಚರ ಆಗೈತಲ್ರಿ ಡಾಕ್ಟರ್ ಬಾಯಾರ, ಮನೀಗಿ ಕರಕೊಂಡ ಹೋಗತೀವಿ,” ಎಂದ ಭೂಪಾಲ. “ನಿಮ್ಮ ಗುಳಿಗಿಂದ ಎಂದೂ ಇಳೀಲಾರದ ಶುಗರ ಚೂರ್ಣದಿಂದ ಇಳದೈತಿ. ಅದಕ್ಕ ನಿಮಗ ಹೊಟ್ಟಿಕಿಚ್ಚ.”

“ಕರಕೊಂಡ ಹೋಗ್ರಿ. ಸಂಜೀಕ ಹೆಣಾ ತಂದು ನನ್ನ ಮುಂದ ಅಳಬ್ಯಾಡ್ರಿ,” ಎಂದೆ. ಮೃದುವಾಗಿ ಹೇಳಬಹುದಿತ್ತು, ಮನಸ್ಸಾಗಲಿಲ್ಲ.

ಅವನು ಫೋನ್ ಮಾಡಿ ಸದಾಶಿವನನ್ನೇ ಕರೆಸಿದ. ಬಂದವನು ಮಂಚದ ಪಕ್ಕ ನಿಂತು, ದೊಡ್ಡ ಆಸ್ಪತ್ರೆಗಳವರಿಗೆ ನಮ್ಮ ಬೇರು-ನಾರು ಕಂಡರಾಗುವುದಿಲ್ಲ ಎಂದು ಭಾಷಣ ಶುರುಮಾಡಿದ. ನಾನು ಡಬ್ಬಿ ತೆರೆದು ಅವನ ಮುಂದೆ ಹಿಡಿದೆ.

“ಬರೇ ಸೊಪ್ಪು, ಬೇರು ಹೌದಲ್ಲ? ಹಂಗಾರ ಒಂದ ಚಮಚ ತಿನ್ರಿ. ತಿಂದು, ನಾಳೆ ಮುಂಜಾನಿತನಕ ಏನೂ ಉಣ್ಣದ ಇಲ್ಲೇ ಕುಂಡ್ರರಿ.”

ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಉಪಾಸ ಇದ್ದ ತಿನ್ನೂದಲ್ರಿ ಅದು! ರಾತ್ರಿ ಹೊಟ್ಟಿ ತುಂಬ ಉಣ್ರಿ ಅಂತ ಹೇಳೇ ಕೊಡತೀನಿ. ಇವರು ಹೊತ್ತ ಮುಣಗಿದ ಮ್ಯಾಲೆ ಉಣ್ಣೂದಿಲ್ಲ. ತಪ್ಪ ಚೂರ್ಣದ್ದಲ್ಲ, ಇವರ ನೇಮದ್ದು.”

ಬಾಯಿ ತಪ್ಪಿ ಬಂದ ಮಾತು, ಆದರೆ ಬಂದುಬಿಟ್ಟಿತ್ತು. ಸೂರ್ಯಾಸ್ತದ ನಂತರ ಉಣ್ಣಬಾರದೆಂಬುದು ಜೈನರ ನೇಮ. ಪದ್ಮಾವತಿ ಹಗಲಿರುವಾಗಲೇ ಚೂರು ಊಟ ಮಾಡಿ, ಚೂರ್ಣ ತಿಂದು, ಬೆಳಗಿನವರೆಗೆ ಬಾಯಿ ಕಟ್ಟುತ್ತಿದ್ದರು. ಉಳಿದವರು ರಾತ್ರಿ ರೊಟ್ಟಿ ಉಂಡು ಮಲಗುತ್ತಿದ್ದರಿಂದ ಬಚಾವಾಗಿದ್ದರು. ಊಟ ತಪ್ಪಿದರೆ ಏನಾಗುತ್ತದೆಂದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಜೈನರ ಮನೆಬಾಗಿಲಿಗೆ ಹೋಗಿ ಮಾರಿದ್ದ.

ಪದ್ಮಾವತಿ ಮೊಣಕೈ ಊರಿ ಎದ್ದರು. “ಮದಿವ್ಯಾಗಿ ಬಂದಾಗಿಂದ ಹೊತ್ತ ಮುಣಗಿದ ಮ್ಯಾಲೆ ಉಂಡಿಲ್ಲ ನಾ. ಒಂದ ದಿನಾನೂ ಬಿದ್ದಿಲ್ಲ. ನಿನ್ನ ಚೂರ್ಣ ತಿಂದ ಬಿದ್ದೀನಿ. ನನ್ನ ನೇಮಕ್ಕ ಹೆಸರ ಇಡತಿಯೇನೋ?”

ಭೂಪಾಲ ತಾಯಿಯನ್ನು ನೋಡಿದ, ಡಬ್ಬಿಯನ್ನು ನೋಡಿದ. “ಸೊಪ್ಪ ತಿಂದ ಉಪಾಸ ಇದ್ರ ಮನಶ್ಯಾ ಸಾಯತಾನೇನಲೇ?” ಎಂದವನೇ ಸದಾಶಿವನ ಕೊರಳಪಟ್ಟಿ ಹಿಡಿದ. ಬಿಡಿಸಿದ್ದು ವಾರ್ಡ್‌ಬಾಯ್. ನಾನು ಬಿಡಿಸಲು ಹೋಗಲಿಲ್ಲ.

ಮಧ್ಯಾಹ್ನ, ಸಲಾಯಿನ್ ನಡೆದಿರುವಾಗಲೇ, ಶುಗರ್ ಮತ್ತೆ ಐವತ್ತಕ್ಕೆ ಕುಸಿಯಿತು. ಗ್ಲೂಕೋಸ್ ಹೆಚ್ಚಿಸಿದೆವು. ಭೂಪಾಲ ತಾಯಿಯ ಕಾಲ ಹತ್ತಿರವೇ ಕುಳಿತಿದ್ದ, ಮನೆಗೆ ಕರೆದೊಯ್ಯುವ ಮಾತೆತ್ತಲಿಲ್ಲ. ಮರುದಿನವೂ ಇರಿಸಿಕೊಂಡು, ಶುಗರ್ ನೆಲೆನಿಂತ ಮೇಲೆ ಕಳಿಸಿದೆವು. ಪದ್ಮಾವತಿ ನಡೆದೇ ಹೋದರು.

ಡಬ್ಬಿಯನ್ನು ಔಷಧ ನಿಯಂತ್ರಣದವರಿಗೆ ಕಳಿಸಿದ್ದೆ. ಅದರಲ್ಲಿ ನಾನು ಅನುಮಾನಿಸಿದ್ದ ಗುಂಪಿನದೇ ಗುಳಿಗೆ, ಗ್ಲಿಬೆನ್‌ಕ್ಲಮೈಡ್, ಇತ್ತು, ಜೊತೆಗೆ ಬಾವು ಇಳಿಸಲು ಸ್ಟೀರಾಯ್ಡ್. ವರದಿ ಬರುವಷ್ಟರಲ್ಲಿ ಸದಾಶಿವ ಗಡಿ ದಾಟಿ ಮಹಾರಾಷ್ಟ್ರ ಸೇರಿದ್ದ. ಅವನ ನೆನಪಾದರೆ ಇಂದಿಗೂ ಹಲ್ಲು ಕಡಿಯುತ್ತೇನೆ.

ಅಂದಿನಿಂದ ಶುಗರ್ ಇಳಿಯಿತೆಂದು ಯಾರಾದರೂ ಹಿಗ್ಗಿ ಬಂದರೆ ನಾನು ಹಿಗ್ಗುವುದಿಲ್ಲ. ಏನು ತಿಂದಿರಿ, ಕೊನೆಯ ಊಟ ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ನನಗೆ ಯಾರೂ ಹಾರ ಹಾಕಲಿಲ್ಲ. ಚೂರ್ಣ ನಿಂತು ಶುಗರ್ ಏರಿದವರು ಓಪಿಡಿಗೆ ಬಂದು, “ಚಲೋ ಔಷಧ ಬಂದ ಮಾಡಿಸಿದ್ರಿ,” ಎಂದು ತಿಂಗಳುಗಟ್ಟಲೆ ಬೈದರು. ಬೈಯಲಿ. ಬೈಯಲಿಕ್ಕಾದರೂ ಅವರು ಬದುಕಿರಬೇಕಲ್ಲ.