ಡಬ್ಬದ ತಳದ ಅವರೆ

ಶ್ರೀಕಂಠನ ಪ್ರಬಂಧದಲ್ಲಿ ಒಂದು ಸಾಲು ಬಿಟ್ಟು ಎಲ್ಲವೂ ಮುಗಿದಿತ್ತು. ಹುಳದ ಉದ್ದ ಎರಡೂವರೆ ಮಿಲಿಮೀಟರ್. ಬಣ್ಣ ಹುರಿದ ಕಾಫಿಬೀಜದ್ದು. ಬೆನ್ನಿನ ಗಟ್ಟಿ ರೆಕ್ಕೆಗಳು ಗಿಡ್ಡ. ಮೋಟು ಅಂಗಿ ತೊಟ್ಟವನ ಹೊಟ್ಟೆಯಂತೆ ಹಿಂಭಾಗ ಹೊರಗೆ ಕಾಣುತ್ತದೆ. ಗಂಡಿನ ಮೀಸೆ ಬಾಚಣಿಗೆಯ ಹಾಗಿದ್ದು ಅದಕ್ಕೆ ಎಂಟು ಹಲ್ಲು. ಈ ಕುಲದ ಬೇರಾವ ಹುಳಕ್ಕೂ ಎಂಟು ಹಲ್ಲಿರುವುದು ಗೊತ್ತಿಲ್ಲ. ಖಾಲಿ ಉಳಿದದ್ದು 'ಸ್ಥಳ' ಎಂಬ ಸಾಲು.

ಶ್ರೀಕಂಠ ತಿಪಟೂರಿನ ಕಡೆಯವನು, ಬ್ಯಾಂಕ್ ಅಧಿಕಾರಿ. ವಿಜಯವಾಡದ ಒನ್ ಟೌನ್‌ನಲ್ಲಿ ಮೂರು ವರ್ಷ ಇದ್ದು, ಬೇಸಿಗೆಯಲ್ಲಿ ವಿಶಾಖಪಟ್ಟಣದ ಮಧುರವಾಡಕ್ಕೆ ವರ್ಗವಾಗಿ ಬಂದಿದ್ದ. ಈಗ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಇಪ್ಪತ್ತು ವರ್ಷದಿಂದ ಕಾಳು ಕೊರೆಯುವ ಹುಳಗಳನ್ನು ಮಸೂರದಲ್ಲಿ ನೋಡುತ್ತ ಬಂದವನು. ಇದು ಹೊಸದಿರಬಹುದು ಎಂದು ಹನ್ನೊಂದು ಸಲ ಹಿಗ್ಗಿದ್ದ. ಹನ್ನೊಂದು ಸಲವೂ ಯಾರೋ ಅದಕ್ಕೆ ಆಗಲೇ ಹೆಸರಿಟ್ಟು ಸತ್ತುಹೋಗಿದ್ದರು. ಹನ್ನೆರಡನೆಯದು ಜುಲೈ ತಿಂಗಳಲ್ಲಿ ತನ್ನ ಅಡುಗೆಮನೆಯ ಅವರೆಕಾಳಿನ ಡಬ್ಬದಲ್ಲೇ ಸಿಕ್ಕಿತು. ಹತ್ತಿರದ ಕಾಲೇಜಿನಲ್ಲಿ ಕೀಟಶಾಸ್ತ್ರ ಕಲಿಸುವ ಹರಿಣಿ ಒಡಲು ಬಿಡಿಸಿ ಪರೀಕ್ಷಿಸಿ, ಹೊಸದೇ ಎಂದಳು.

"ಮಧುರವಾಡ ಅಂತ ಬರೆದುಬಿಡಿ ಅಂಕಲ್. ಹೊರಗೆ ಬಂದಿದ್ದು ಇಲ್ಲೇ ಕದಾ?" ಎಂದಳು ಹರಿಣಿ. ಅವಳ ಅಪ್ಪ ಅಮ್ಮ ಕನ್ನಡದವರಾದರೂ ನಾಲಿಗೆ ವೈಜಾಗಿನದು.

"ಒಣಗಿದ ಕಾಳು ಕೊಟ್ಟರೆ ಇದು ಮೊಟ್ಟೆ ಇಡಲಿಲ್ಲ ಕಣಮ್ಮ, ಹಸಿಕಾಯಿ ಮೇಲೇ ಇಡ್ತು. ಅಂದಮೇಲೆ ಹೊಲದಲ್ಲಿ ಹುಟ್ಟಿದ್ದು. ಆ ಹೊಲ ಯಾವ ಊರಲ್ಲಿದೆ ಅನ್ನೋದೇ ಪ್ರಶ್ನೆ."

ಒಮ್ಮೆ ಅಚ್ಚಾದ ಸ್ಥಳ ಹುಳದ ಹೆಸರಿನ ಜೊತೆ ಶಾಶ್ವತವಾಗಿ ಉಳಿಯುತ್ತದೆ. ಮುಂದೆ ಹುಡುಕುವವರು ಅಲ್ಲಿಗೇ ಹೋಗುತ್ತಾರೆ. ಆದ್ದರಿಂದ ಅವನು ಹೆಂಡತಿ ರಾಜ್ಯಲಕ್ಷ್ಮಿಯನ್ನು ಕೇಳಿದ: "ಆ ಅವರೆ ಎಲ್ಲಿ ತಗೊಂಡಿದ್ದು?"

"ಯಾವ ಅವರೆ?"

"ಡಬ್ಬದಲ್ಲಿರೋದು ಕಣೇ."

"ಡಬ್ಬದಲ್ಲಿ ಎಲ್ಲಾ ಇದೆ. ಮೇಲಿರೋದು ಇಲ್ಲಿಂದು. ನಡುವೆ ಒನ್ ಟೌನಿಂದು. ತಳದಲ್ಲಿ ನಮ್ಮೂರಿಂದು."

ಕಾಳಿನ ಡಬ್ಬ ಬರಿದಾಗಬಾರದು, ಒಂದು ಹಿಡಿ ಉಳಿದಿರುವಾಗಲೇ ಹೊಸದನ್ನು ಸುರಿಯಬೇಕು ಎಂಬುದು ಅವಳ ಅತ್ತೆ ಕಲಿಸಿದ ಕ್ರಮ. ಅತ್ತೆ ಎಂದರೆ ಶ್ರೀಕಂಠನ ತಾಯಿಯೇ. ಆ ಡಬ್ಬ ನಾಲ್ಕು ವರ್ಗಾವಣೆ ಕಂಡಿತ್ತು, ಬರಿದಾಗಿರಲಿಲ್ಲ. ವಿದ್ಯಾವಂತ ಗಂಡಸರು ಸಾಮಾನ್ಯವಾಗಿ ತಮ್ಮ ಮನೆಯ ಡಬ್ಬದಲ್ಲಿ ಏನಿದೆ ಎಂದು ಕೇಳುವುದು ಅದರಿಂದ ತೊಂದರೆಯಾದಾಗ ಮಾತ್ರ.

"ಊರೂರಿನ ಕಾಳು ಕಲಸಿಟ್ಟಿದೀಯಲ್ಲೇ!"

"ಮೂವತ್ತು ವರ್ಷ ಸಾರು ಉಂಡಾಗ ಕಲಸಿದ್ದು ಕಾಣಲಿಲ್ವೇನ್ರೀ?"

ಎರಡು ದಿನ ಮಾತು ಕಡಿಮೆಯಾಯಿತು. ಮೂರನೆಯ ದಿನ ಅವನು ಹುಳ ಹೊರಬಂದು ತೂತಾದ ನಾಲ್ಕು ಕಾಳುಗಳನ್ನು ಮತ್ತೆ ಮಸೂರದ ಕೆಳಗಿಟ್ಟು ಕೂತಿದ್ದಾಗ ಅವಳು ಬಂದು ನಿಂತಳು.

"ಬರೀ ತೂತು ನೋಡ್ತಿದೀರಲ್ಲ, ಕಾಳು ನೋಡಿದೀರಾ?" ಎಂದು ಒಂದನ್ನು ಅಂಗೈಯಲ್ಲಿ ಉರುಳಿಸಿದಳು. "ನಮ್ಮೂರ ಅವರೆ ದುಂಡಗಿರುತ್ತೆ. ಇದು ಚಪ್ಪಟೆ, ಅಂಚು ಕಂದು. ಒನ್ ಟೌನ್ ವೆಂಕಟರಮಣನ ಅಂಗಡೀದು. ಎಷ್ಟು ಸೀಟಿ ಕೂಗಿಸಿದ್ರೂ ಬೇಯಲಿಲ್ಲ ಅಂತ ಹೋಗಿ ಬೈದು ಬಂದಿದ್ದೆ."

ನಾಲ್ಕೂ ಚಪ್ಪಟೆಯೇ. ಅವನ ಪ್ರಬಂಧದ ಹದಿನಾಲ್ಕು ಚಿತ್ರಗಳಲ್ಲಿ ಕಾಳಿನದು ಒಂದೂ ಇರಲಿಲ್ಲ.

ಆ ಶನಿವಾರ ಬೆಳಗಿನ ರೈಲಿಗೆ ಇಬ್ಬರೂ ವಿಜಯವಾಡಕ್ಕೆ ಹೊರಟರು. ಇಂದ್ರಕೀಲಾದ್ರಿಯ ಮೆಟ್ಟಿಲು ಹತ್ತಿ ಅಮ್ಮನವರ ದರ್ಶನ ಮಾಡದೆ ಅಂಗಡಿಗೆ ಬರುವುದಿಲ್ಲ ಎಂದಳು ರಾಜ್ಯಲಕ್ಷ್ಮಿ. ಅವನೂ ಹತ್ತಿದ.

ವೆಂಕಟರಮಣ ಗೋಣಿಚೀಲಗಳ ನಡುವಿನಿಂದಲೇ ಕೈಮುಗಿದ. ಕರ್ನಾಟಕದಿಂದ ಬರುವ ಬ್ಯಾಂಕಿನವರ ಜೊತೆ ಒಡನಾಡಿ ಅವನಿಗೆ ಅರ್ಧ ಕನ್ನಡ ಬರುತ್ತಿತ್ತು. "ಮೇಡಂ ಗಾರು! ಇನ್ನೂ ಬೇಯಲಿಲ್ಲವಾ ಅಂಡಿ?"

ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ನಕ್ಕ. "ಇದು ಕೊಂಡಮಾಮಿಡಿದು. ಪಾಡೇರು ಬೆಟ್ಟದ ಮೇಲಿನ ಪಲ್ಲೆ, ಸಣ್ಣ ಹಳ್ಳಿ. ನನ್ನ ಹತ್ತಿರ ಬೇರೆ ಕಡೆ ಚಪ್ಪಟೆ ಕಾಳು ಬರೋದೇ ಇಲ್ಲ. ವೈಜಾಗ್ ಮೇಲಿನ ಬೆಟ್ಟದ ಕಾಳಿನ ಊರು ಕೇಳೋಕೆ ವೈಜಾಗ್‌ನಿಂದ ಇಲ್ಲಿಗೆ ಬಂದ್ರಾ ಸಾರು?"

ಅವರು ಮಧುರವಾಡಕ್ಕೆ ಮರಳಿದ ಮೇಲೆ, ವ್ಯಾಪಾರಿಯ ಮಾತು ಸಾಕು, ಬರೆದುಬಿಡೋಣ ಎಂದಳು ಹರಿಣಿ. ಸಾಲದು, ಅಲ್ಲಿಯ ಕಾಯಿಂದಲೇ ಹುಳ ಹೊರಬರುವುದನ್ನು ನೋಡಬೇಕು ಎಂದ ಶ್ರೀಕಂಠ.

"ಅಷ್ಟರಲ್ಲಿ ಬೇರೆ ಯಾರಾದರೂ ಪಬ್ಲಿಷ್ ಮಾಡಿದ್ರೆ? ಹೆಸರು ಅವರದಾಗುತ್ತೆ ಅಂಕಲ್."

"ಆಗಲಿ. ಹನ್ನೊಂದು ಸಲ ಆಗಿದೆಯಲ್ಲ."

ಹೇಳುವುದು ಸುಲಭವಾಗಿತ್ತು. ಜನವರಿಯಲ್ಲಿ ಅವನು ಬೆಟ್ಟ ಹತ್ತಿ ಕೊಂಡಮಾಮಿಡಿಯ ಹೊಲದಿಂದ ಹಸಿ ಅವರೆಕಾಯಿ ತಂದು, ಗಾಜಿನ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದ. ಕಾಯಿ ಒಣಗಿತು. ಮಾರ್ಚ್ ಹೋಯಿತು, ಮೇ ಹೋಯಿತು. ಹೊಸ ಸಂಚಿಕೆ ಬಂದಾಗಲೆಲ್ಲ ಕೀಟಶಾಸ್ತ್ರ ಪತ್ರಿಕೆಯ ವಿಷಯಸೂಚಿಯಲ್ಲಿ ತನ್ನ ಹುಳಕ್ಕೆ ಯಾರಾದರೂ ಹೆಸರಿಟ್ಟರೇ ಎಂದು ಹುಡುಕುತ್ತಿದ್ದ. ಜೂನ್ ಕೊನೆಗೆ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದು, ಹಾರವನ್ನು ಕುರ್ಚಿಗೆ ನೇತುಹಾಕಿ, ಮೊದಲು ನೋಡಿದ್ದು ಭರಣಿಯನ್ನು. ಒಂದು ಹುಳವೂ ಇರಲಿಲ್ಲ.

ಹದಿನೈದು ದಿನದ ಮೇಲೆ, ಬೆಳಗಿನ ಕಾಫಿಯ ಹೊತ್ತಿಗೆ ರಾಜ್ಯಲಕ್ಷ್ಮಿ ಕೂಗಿದಳು: "ಬನ್ನಿ, ನಿಮ್ಮ ನೆಂಟರು ಬಂದಿದಾರೆ."

ಬಟ್ಟೆಯ ಒಳಮೈಗೆ ಎರಡು ಹುಳ ಅಂಟಿಕೊಂಡಿದ್ದವು. ಅವನು ಗಂಡನ್ನು ಮಸೂರದ ಕೆಳಗಿಟ್ಟು ಹಲ್ಲು ಎಣಿಸಿದ. ಮತ್ತೆ ಎಣಿಸಿದ. ಎಂಟು.

"ಹೆಸರು ಮಾತ್ರ ನನ್ನದಿಡಬೇಡಿ. ಕಾಳು ಕೆಡಿಸೋ ಜಾತಿ ಅದು," ಎಂದು ಅವಳು ಮೊದಲೇ ಎಚ್ಚರಿಸಿದಳು.

ಅವನು ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಊರು, ತಾರೀಖು ಬರೆದ ಚೀಟಿಯನ್ನು ಹುಳದ ಸೂಜಿಗೆ ಚುಚ್ಚಿದ. ಆಮೇಲೆ ಪ್ರಬಂಧದ ಖಾಲಿ ಸಾಲನ್ನು ತುಂಬಿದ: ಕೊಂಡಮಾಮಿಡಿ.

ಅಡುಗೆಮನೆಯಲ್ಲಿ ಈಗ ಅವರೆಗೆ ಎರಡು ಡಬ್ಬ. ಒಂದರ ಮೇಲೆ ಅವನು ಅಂಟಿಸಿದ ಊರು, ತಾರೀಖಿನ ಚೀಟಿಯಿದೆ. ಅದನ್ನು ಪ್ರತಿ ಸಲವೂ ತೊಳೆದು ತುಂಬಬೇಕೆಂಬುದು ಅವನ ಕಟ್ಟಪ್ಪಣೆ. ರಾಜ್ಯಲಕ್ಷ್ಮಿ ಅದರ ತಳದ ಹಿಡಿ ಕಾಳನ್ನು ಇನ್ನೊಂದು ಡಬ್ಬಕ್ಕೆ ಸುರಿದು, ಚೀಟಿಯ ಡಬ್ಬವನ್ನು ತೊಳೆದು ಕೊಡುತ್ತಾಳೆ.