ಕಲಾವತಿಯ ಹಳೆಯ ಕಾರ್ಡು

ಬೆಳಗ್ಗೆ ಐದೂವರೆ. ರಾಯಪುರಂನ ಧರ್ಮಾಸ್ಪತ್ರೆಯೊಂದರ ಕಿಟಕಿಯ ಮುಂದೆ ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಖಾಲಿ ಮೀನುಬುಟ್ಟಿ ಇಳಿಸಿ ನಿಂತಿದ್ದಾಳೆ. ಒಳಗಿರುವ ಗುಮಾಸ್ತ ಮಧ್ವರಾಜರು ಕೇಳುವುದು ಅವಳ ಕಾಯಿಲೆಯನ್ನಲ್ಲ, ಅವಳ ಹೆಸರನ್ನೂ ಅಲ್ಲ. "ಅಮ್ಮಾ ಪೇರ್ ಎನ್ನ, ಪಾಟಿ?" ಅಮ್ಮನ ಹೆಸರೇನು ಎಂದು, ತಮಿಳಿನಲ್ಲಿ. ಅಮ್ಮ ಸತ್ತು ನಲವತ್ತು ವರ್ಷವಾಯಿತಪ್ಪ ಎಂದು ನಗುತ್ತಲೇ ಅಜ್ಜಿ ಹೇಳುತ್ತಾಳೆ. ಹುಟ್ಟೂರನ್ನೂ ಹೇಳುತ್ತಾಳೆ. ಮಧ್ವರಾಜರು ತಿರುಗಿ, ಗೋಡೆಯ ಮರದ ಗೂಡೊಂದರಿಂದ ಐವತ್ತು ಅರವತ್ತು ಕಾರ್ಡಿನ ಕಟ್ಟು ತೆಗೆದು, ಒಂದನ್ನು ಎಳೆದು, ಅಜ್ಜಿಯ ಎಡಗೆನ್ನೆಯ ಮಚ್ಚೆ ನೋಡಿ ತಲೆಯಾಡಿಸುತ್ತಾರೆ. ಅರ್ಧ ನಿಮಿಷವೂ ಆಗಿಲ್ಲ.

ಇಪ್ಪತ್ತೆರಡು ಸಾವಿರ ಕಾರ್ಡು, ನಾನೂರು ಗೂಡು, ದಿನಕ್ಕೆ ಇನ್ನೂರು ರೋಗಿಗಳು, ಒಬ್ಬರೇ ಗುಮಾಸ್ತರು. ತಿರುವಲ್ಲಿಕೇಣಿಯ ಕನ್ನಡ ಮನೆತನದ ಮಧ್ವರಾಜರು ೧೯೬೯ರಲ್ಲಿ ಇಲ್ಲಿಗೆ ಸೇರಿದಾಗ ಇದ್ದದ್ದು ತಾರೀಕಿನ ಪ್ರಕಾರ ಬರೆದ ದಪ್ಪ ರಿಜಿಸ್ಟರುಗಳು. ಹಳೆಯ ರೋಗಿ ಬಂದರೆ ಹುಡುಕಲು ಒಂದು ಗಂಟೆ. ಬಡಗಿಯನ್ನು ಹಿಡಿದು ಗೂಡು ಮಾಡಿಸಿದವರು ಇವರೇ. ಯಾವ ಕಾರ್ಡು ಯಾವ ಗೂಡಿಗೆ ಎಂಬ ಲೆಕ್ಕವನ್ನು ಕಟ್ಟಿದವರೂ ಇವರೇ. ಇದನ್ನೆಲ್ಲ ಹೊಗಳಿ ಪತ್ರಿಕೆಗೆ ಬರೆಯೋಣವೆಂದೇ ನಾನು ಬಂದಿರುವುದು.

"ಹೊಗಳಬೇಡಿ ಸಾರ್. ಮೊದಲನೇ ಲೆಕ್ಕ ತಪ್ಪಾಗಿತ್ತು," ಎನ್ನುತ್ತಾರೆ ಕಾಫಿಯ ಹೊತ್ತಿಗೆ.

ಮೊದಲ ಲೆಕ್ಕ ಸುಲಭವಾಗಿತ್ತು. ಇನಿಷಿಯಲ್ ನೋಡಿ ಅಡ್ಡಸಾಲು, ಹೆಸರಿನ ಮೊದಲ ಅಕ್ಷರ ನೋಡಿ ಉದ್ದಸಾಲು. ಎಲ್ಲರೂ ಬೆನ್ನು ತಟ್ಟಿದರು. ೧೯೭೬ರಲ್ಲಿ ಒಬ್ಬ ಗಂಡ ತನ್ನ ಗರ್ಭಿಣಿ ಹೆಂಡತಿಯನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಬಂದ. ಜ್ವರಕ್ಕೆ ಅವಳಿಗೆ ಪ್ರಜ್ಞೆ ಇರಲಿಲ್ಲ. ಗಂಡ ಹೇಳಿದ ಹೆಸರು ಆರ್. ಕಲಾವತಿ. ಆ ಗೂಡಿನಲ್ಲಿ ಅವಳ ಕಾರ್ಡಿರಲಿಲ್ಲ. ಮಧ್ವರಾಜರು 'ಹೊಸ ರೋಗಿ' ಎಂದು ಬರೆದುಕೊಟ್ಟರು, ಡಾಕ್ಟರು ಪೆನಿಸಿಲಿನ್ ಚುಚ್ಚಿದರು. ಅವಳ ಹಳೆಯ ಕಾರ್ಡು ನಾಲ್ಕು ಸಾಲು ಆಚೆ ಇತ್ತು. ತಂದೆಯ ಇನಿಷಿಯಲ್ಲಿನ ಗೂಡಿನಲ್ಲಿ, ಎಂ. ಕಲಾವತಿ ಎಂಬ ಹೆಸರಿನಲ್ಲಿ. ಅದರ ಮೇಲೆ ಕೆಂಪು ಶಾಯಿಯಲ್ಲಿ 'ಪೆನಿಸಿಲಿನ್ ಕೂಡದು' ಎಂದಿತ್ತು. ಬರೆದದ್ದು ಮಧ್ವರಾಜರದೇ ಕೈ.

ಕಲಾವತಿ ಉಳಿದಳು. ಹೊಟ್ಟೆಯಲ್ಲಿದ್ದ ಐದು ತಿಂಗಳ ಮಗು ಉಳಿಯಲಿಲ್ಲ.

"ಮನೆಗೆ ಹೋಗಿ ಹೇಳ್ದೆ. 'ಮದುವೆ ಆದ್ಮೇಲೆ ನನ್ನ ಇನಿಷಿಯಲ್ಲೇ ಬದಲಾಗಿಹೋಯ್ತಲ್ಲಾ, ಅದೂ ತೋಚಲಿಲ್ವಾ ನಿಮಗೆ' ಅಂತ ನಮ್ಮನೆಯವಳು ಕೌಸಲ್ಯಾ ಕೇಳಿಬಿಟ್ಳು ಸಾರ್. ತಲೆ ಎತ್ತೋಕಾಗ್ಲಿಲ್ಲ."

ಆಮೇಲೆ ಎರಡು ವರ್ಷ ಗೂಡುಗಳನ್ನೆಲ್ಲ ಹೊಸದಾಗಿ ತುಂಬಿದರು. ಭಾನುವಾರಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರ ಹೆಸರು ಬರೆದುಕೊಂಡರು. ತಾಯಿಯ ಹೆಸರೊಂದನ್ನೇ ಹಿಡಿದರೆ ಲಕ್ಷ್ಮಿಯರ ಗೂಡು ತುಂಬಿ ತುಳುಕಿತು, ಎಷ್ಟೋ ಗೂಡು ಖಾಲಿ ಬಿದ್ದವು. ಹುಟ್ಟೂರನ್ನು ಸೇರಿಸಿದರು. ಇಲ್ಲೇ ಹುಟ್ಟಿದವರಿಗೆ ಬೀದಿ. "ಮನೆ ಬದಲಾಗತ್ತೆ, ಇನಿಷಿಯಲ್ ಬದಲಾಗತ್ತೆ, ವಯಸ್ಸು ಬಾಯಿಗೆ ಬಂದಷ್ಟು ಹೇಳ್ತಾರೆ. ಪೆತ್ತ ತಾಯಿ ಬದಲಾಗಲ್ಲ. ಒಂದೇ ಗೂಡಲ್ಲಿ ಐವತ್ತು ಜನ ಇದ್ರೂ ಹೆಸರು, ಮಚ್ಚೆ ನೋಡಿ ಇವರೇನಾ ಅಂತ ತೀರ್ಮಾನ. ಆದ್ರೆ ಒಂದೇ ಆಳು ಎರಡು ಗೂಡಿಗೆ ಹೋಗೋ ಹಾಗೆ ಲೆಕ್ಕ ಇರಲೇಬಾರದು ಸಾರ್."

ಆ ಹಳೆಯ ಕಾರ್ಡಿನ ವಿಷಯ ಕಲಾವತಿಗೆ ಗೊತ್ತೇ ಎಂದು ಕೇಳುತ್ತೇನೆ. ಮಧ್ವರಾಜರು ಲೋಟದ ತಳ ನೋಡುತ್ತಾರೆ. ದೊಡ್ಡ ಡಾಕ್ಟರು ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರಂತೆ, ಇವರು ಮುಚ್ಚಿಕೊಂಡರಂತೆ. ಎಂಟು ವರ್ಷದಿಂದ ಅವಳು ಬಂದಾಗಲೆಲ್ಲ ಸ್ಟೂಲು ಹಾಕಿ ಕೂರಿಸುತ್ತಾರೆ.

"ಮತ್ತೆ ನನಗೇಕೆ ಹೇಳಿದಿರಿ?"

"ನಿಮ್ಮದು ಕನ್ನಡ ಪೇಪರ್ ಸಾರ್. ಇಲ್ಲಿ ಯಾರು ಓದ್ತಾರೆ?"

ನನಗೆ ಸಿಟ್ಟು ಬರುತ್ತದೆ. ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಅವಳ ಸಂಕಟ ನನಗೂ ಒಳ್ಳೆಯ ಲೇಖನವಾಗಿ ಕಾಣಿಸತೊಡಗಿತ್ತಲ್ಲ! ಅವಳಿಗೆ ಹೇಳುವವರೆಗೆ ಇದನ್ನು ಅಚ್ಚಿಗೆ ಕೊಡುವುದಿಲ್ಲ ಎಂದು ಹೇಳಿ ಎದ್ದುಬರುತ್ತೇನೆ.

ಹದಿನೇಳು ದಿನದ ಮೇಲೆ ಆಫೀಸಿಗೆ ಅವರ ಫೋನು. "ಕಲಾವತಿ ನಾಳೆ ಬೆಳಗ್ಗೇನೇ ಮಗಳನ್ನ ಕರ್ಕೊಂಡು ಬರ್ತಾಳೆ ಸಾರ್. ನೀವೂ ಬನ್ನಿ. ನೀವಿದ್ರೆ ನಾನು ಓಡಿಹೋಗಲ್ಲ."

ನಾನು ಗೂಡುಗಳ ಪಕ್ಕ ನಿಂತಿದ್ದೇನೆ. ಕಿಟಕಿಯಾಚೆ ಕಲಾವತಿ, ಅವಳ ಸೊಂಟದ ಮೇಲೆ ಜ್ವರದ ಮಗು. ಮೊದಲ ಸಲ ಆಸ್ಪತ್ರೆಗೆ ಬಂದಿರುವ ಹೆಣ್ಣುಮಗು. ಮಧ್ವರಾಜರು ಅವಳ ಹಳೆಯ ಕಾರ್ಡು, ಆವತ್ತು ಬರೆದ 'ಹೊಸ ರೋಗಿ' ಕಾರ್ಡು ಎರಡನ್ನೂ ಅವಳ ಮುಂದಿಟ್ಟು, ತಮಿಳಿನಲ್ಲಿ, ಒಂದೂ ಬಿಡದೆ ಹೇಳುತ್ತಾರೆ. ಓದಲು ಬಾರದ ಅವಳು ಕೆಂಪು ಅಕ್ಷರದ ಮೇಲೆ ಬೆರಳಾಡಿಸುತ್ತಾಳೆ.

"ಸ್ಟೂಲು ಹಾಕ್ತಿದ್ರಿ. ನಲ್ಲ ಮನುಷನ್ ಅಂತ ನೆನಚ್ಚೇನ್," ಒಳ್ಳೆಯ ಮನುಷ್ಯ ಅಂದುಕೊಂಡಿದ್ದೆ, ಎಂದಷ್ಟೇ ಅನ್ನುತ್ತಾಳೆ. ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ನಿಂತೇ ಇರುತ್ತಾಳೆ.

ಮಗುವಿಗೆ ಹೊಸ ಕಾರ್ಡು ಬರೆಯಬೇಕು. ಮಧ್ವರಾಜರು ಪೆನ್ನು ಹಿಡಿದಿದ್ದಾರೆ. ದಿನಕ್ಕೆ ಇನ್ನೂರು ಸಲ ಕೇಳುವ ಪ್ರಶ್ನೆ ಬಾಯಿಂದ ಹೊರಡುವುದಿಲ್ಲ. ಹಿಂದೆ ನಿಂತವರು ಗೊಣಗುತ್ತಾರೆ.

"ಅಮ್ಮಾ ಪೇರ್ ಕಲಾವತಿ," ಎನ್ನುತ್ತಾಳೆ ಅವಳೇ. "ಬರೀರಿ."

ಬರೆಯುತ್ತಾರೆ. ಆಮೇಲೆ ಕಾರ್ಡು ಹಿಡಿದು ತಿರುಗಿ, ತಾವೇ ಮಾಡಿಸಿದ ನಾನೂರು ಗೂಡುಗಳ ಮುಂದೆ, ದಾರಿ ತಪ್ಪಿದವರಂತೆ ಬಹಳ ಹೊತ್ತು ನಿಂತುಬಿಡುತ್ತಾರೆ.